ಬಾರದ ಚೀಟಿಗಳಿಗೆ ನಾನು ಬರೆದ ಮೆಚ್ಚುಗೆ

ಪೆಟ್ಟಿಗೆಯನ್ನು ನಾನು ತೆರೆದು ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಈ ಬರಹದಲ್ಲಿ ನಾನು ಬಹಳ ಜನರ ಮೇಲೆ ಸಿಟ್ಟು ಮಾಡುವವನಿದ್ದೇನೆ, ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ನಾನೇ.

ಆಗ ನಾನು ಮೂಡಲಗಿ ಕಡೆ ಸಿಆರ್‌ಪಿ ಆಗಿದ್ದೆ. ಸಿಆರ್‌ಪಿ ಎಂದರೆ ಕ್ಲಸ್ಟರ್ ಎಂದು ಕರೆಯುವ ಒಂದಷ್ಟು ಶಾಲೆಗಳ ಗುಂಪಿಗೂ ಮೇಲಿನ ಕಚೇರಿಗೂ ನಡುವೆ ಬೈಕಿನ ಮೇಲೆ ಓಡಾಡುವ ಮಾಸ್ತರ. ಆದೇಶದ ಪ್ರಕಾರ ಶಿಕ್ಷಕರಿಗೆ ಪಾಠದಲ್ಲಿ ನೆರವಾಗುವುದು ಅವನ ಕೆಲಸ. ನಾನು ಮಾಡುತ್ತಿದ್ದುದು ಮಾಹಿತಿ ಕೇಳುವುದು, ಮಾಹಿತಿ ಒಯ್ಯುವುದು, ಒಯ್ದ ಮಾಹಿತಿ ಕಚೇರಿಯಲ್ಲಿ ಕಳೆದುಹೋಯಿತೆಂದು ಅದನ್ನೇ ಮತ್ತೆ ಒಯ್ಯುವುದು. ಪಾಠ ನಡೆಯುವ ಹೊತ್ತಿನಲ್ಲಿ ತರಗತಿಯ ಬಾಗಿಲಲ್ಲಿ ನಿಂತು "ಟೀಚರ್, ಒಂದ ಸಹಿ" ಎಂದು ಕೂಗಿದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಆ ವರ್ಷ ಸರ್ಕಾರದ ಅನುದಾನದಲ್ಲಿ ನಡೆಯುವ ಒಂದು ಸಂಸ್ಥೆ, ಚಿಕ್ಕ ಮಕ್ಕಳಿಗೆ ಓದು ಕಲಿಸುವ ಪೆಟ್ಟಿಗೆಯೊಂದನ್ನು ತಯಾರಿಸಿ, ಪ್ರಯೋಗಕ್ಕೆಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಕಳಿಸಿತು. ದಪ್ಪ ರಟ್ಟಿನ ಪೆಟ್ಟಿಗೆ. ಒಳಗೆ ನಾಲ್ಕು ಹಂತದ ಚೀಟಿಗಳು ಇರಬೇಕು. ಮೊದಲನೆಯದು ಸರಳ ಅಕ್ಷರ, ಎರಡನೆಯದು ಕಾಗುಣಿತ, ಮೂರನೆಯದು ಒತ್ತಕ್ಷರ, ನಾಲ್ಕನೆಯದು ಕತೆ. ಜೊತೆಗೊಂದು ಆದೇಶವೂ ಬಂತು: ಶಾಲೆಯಲ್ಲಿರುವ ಹಳೆಯ ಕಲಿಕಾ ಚೀಟಿಗಳನ್ನೆಲ್ಲ ವಾಪಸು ಪಡೆದು ಕಚೇರಿಗೆ ಒಪ್ಪಿಸತಕ್ಕದ್ದು. ನಾನು ಒಂದು ಟಂಟಂ ಬಾಡಿಗೆಗೆ ಹಿಡಿದು, ಎರಡು ದಿನ ಶಾಲೆಯಿಂದ ಶಾಲೆಗೆ ಸುತ್ತಿ, ವರ್ಷಗಟ್ಟಲೆ ಮಕ್ಕಳ ಕೈಯಲ್ಲಿ ಸವೆದ ಚೀಟಿಗಳನ್ನು ಚೀಲಕ್ಕೆ ತುಂಬಿ ತಂದು ಒಂದು ಕೋಣೆಯಲ್ಲಿ ಒಗೆದೆ. ಬಹಳ ಚುರುಕಿನ ಮನುಷ್ಯ ಎಂದು ಕಚೇರಿಯಲ್ಲಿ ಹೊಗಳಿಸಿಕೊಂಡೆ.

ಮೂರು ವಾರದ ಮೇಲೆ ಅಭಿಪ್ರಾಯದ ನಮೂನೆ ಬಂತು. ನಮ್ಮ ಇಲಾಖೆಯಲ್ಲಿ ಯಾವ ನಮೂನೆಯೂ "ಇಂದು ಸಂಜೆ ಐದರೊಳಗೆ" ಎಂಬ ಮಾತಿಲ್ಲದೆ ಬರುವುದಿಲ್ಲ. ಅದಕ್ಕೆ ನಮ್ಮ ಕಡೆ ಒಂದು ಪದ್ಧತಿ ಬೆಳೆದಿದೆ. ಅಕ್ಷರ ಚೆನ್ನಾಗಿರುವ ಒಬ್ಬರು ಒಂದು ನಮೂನೆ ತುಂಬಿ, ಅದರ ಫೋಟೋವನ್ನು "ಮಾದರಿ" ಎಂದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಉಳಿದವರು ನೋಡಿ ಬರೆಯುತ್ತಾರೆ. ಶಾಲೆಯ ಹೆಸರೊಂದು ಬದಲಾಗುತ್ತದೆ, ಕೆಲವೊಮ್ಮೆ ಅದೂ ಆಗುವುದಿಲ್ಲ. ನಮ್ಮ ಕ್ಲಸ್ಟರಿನಲ್ಲಿ ಚೆನ್ನಾದ ಅಕ್ಷರ ನನ್ನದು.

"ಯಾವ ಹಂತದ ಚೀಟಿಗಳು ಹೆಚ್ಚು ಉಪಯುಕ್ತವೆನಿಸಿದವು?" ಎಂಬ ಪ್ರಶ್ನೆಗೆ ಸ್ವಲ್ಪ ಯೋಚಿಸಿದೆ. ಮೊದಲನೇ ಹಂತ ಎಂದರೆ ಮಕ್ಕಳು ಹಿಂದುಳಿದಿದ್ದಾರೆ ಅನ್ನಿಸುತ್ತದೆ, ನಾಲ್ಕನೆಯದು ಎಂದರೆ ಯಾರೂ ನಂಬಲಿಕ್ಕಿಲ್ಲ. ಹೀಗಾಗಿ ಬರೆದೆ: "ಮಕ್ಕಳು ಸಂತಸದಿಂದ ಕಲಿಯುತ್ತಿದ್ದು, ವಿಶೇಷವಾಗಿ ಮೂರನೇ ಹಂತದ ಚೀಟಿಗಳು ಅತ್ಯಂತ ಉಪಯುಕ್ತವಾಗಿವೆ." ಸಂಜೆ ಐದಕ್ಕೆ ಎಲ್ಲ ಶಾಲೆಗಳಲ್ಲೂ ಮಕ್ಕಳು ಸಂತಸದಿಂದ ಕಲಿತು ಮುಗಿಸಿದ್ದರು.

ಒಂದು ಶಾಲೆ ಬಿಟ್ಟು. ಕುಲಗೋಡದಿಂದ ಆಚೆ, ಬಸ್ಸಿನ ರಸ್ತೆ ಬಿಟ್ಟು ಕಬ್ಬಿನ ನಡುವೆ ಹೋಗಬೇಕಾದ, ಹೊಲದ ಮನೆಗಳ ಮಕ್ಕಳಿಗೆಂದು ಇರುವ ಒಂದು ತೋಟದ ಶಾಲೆ. ಅಲ್ಲಿ ಒಬ್ಬರೇ ಶಿಕ್ಷಕಿ. ಹುಕ್ಕೇರಿ ಕಡೆಯವರು, ನೌಕರಿಗೆ ಸೇರಿ ಮೂರನೇ ವರ್ಷ, ಪ್ರೊಬೇಷನ್ ಮುಗಿದ ಆದೇಶ ಇನ್ನೂ ಬರಬೇಕಿತ್ತು. ಅವರು ನಮೂನೆಯ ಜೊತೆ ಎರಡು ಹಾಳೆ ಸೇರಿಸಿ ಕಳಿಸಿದ್ದರು. ನಾನು ಫೋನ್ ಮಾಡಿದೆ.

"ಟೀಚರ್, ಇಷ್ಟೆಲ್ಲಾ ಬರದ್ರ ಆಗೂದಿಲ್ರಿ. ನಮ್ಮ ಕ್ಲಸ್ಟರ್ ಒಂದ ಎದ್ದ ಕಾಣತೈತಿ."

"ಎದ್ದ ಕಾಣ್ಲಿ ಅಂತನ ಬರದೇನ್ರಿ ಸರ್."

"ಮಾದರಿ ಹಾಕೇನಲ್ರಿ, ಹಂಗ ಬರದ ಕಳಸ್ರಿ."

"ಮಾದರಿ ಓದೇನ್ರಿ. ನೀವು ಪೆಟಗಿ ತಗದ ನೋಡೀರೇನ್ರಿ?"

ನೆಟ್‌ವರ್ಕ್ ಸರಿ ಇಲ್ಲವೆಂದು ಫೋನ್ ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ತೋಟದ ಶಾಲೆಗಳ ಒಂಟಿ ಶಿಕ್ಷಕರು ಪ್ರತಿ ಕಾಗದಕ್ಕೂ ಕ್ಲಸ್ಟರಿಗೆ ಬರಬೇಕೆಂದರೆ ಶಾಲೆಗೆ ಬೀಗ ಹಾಕಿಯೇ ಬರಬೇಕು. ಅದಕ್ಕೆ ಅವರು ನಾಲ್ಕೈದು ಖಾಲಿ ಹಾಳೆಗೆ, ಖಾಲಿ ನಮೂನೆಗೆ ಸಹಿ ಮಾಡಿ ಸಿಆರ್‌ಪಿ ಹತ್ತಿರ ಇಟ್ಟಿರುತ್ತಾರೆ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ ಇದು. ಈ ಟೀಚರ್ ಸಹಿಯ ಖಾಲಿ ಹಾಳೆಯೊಂದನ್ನು ತೆಗೆದು, ಅದರ ಮೇಲೆ ನಮೂನೆಯನ್ನು ಪ್ರಿಂಟ್ ಹಾಕಿಸಿ, ನನ್ನ ಚೆನ್ನಾದ ಅಕ್ಷರದಲ್ಲಿ ಮೂರನೇ ಹಂತವನ್ನು ಹೊಗಳಿ, ಕಟ್ಟಿಗೆ ಸೇರಿಸಿದೆ. ಅವರು ನಿಜವಾಗಿ ಬರೆದದ್ದನ್ನು ನನ್ನ ಬ್ಯಾಗಿನಲ್ಲಿ ಹಾಕಿಕೊಂಡೆ. ಓದಲಿಲ್ಲ.

ಸಂಸ್ಥೆ ನಮ್ಮ ನಮೂನೆಗಳನ್ನು ಆಧಾರ ಮಾಡಿ ವರದಿ ಬರೆಯಿತು. ಮೂರು ತಾಲ್ಲೂಕುಗಳಲ್ಲಿ ಪ್ರಯೋಗ ಯಶಸ್ವಿ, ಇನ್ನು ಇಡೀ ರಾಜ್ಯಕ್ಕೆ ಕೊಡಬಹುದು ಎಂಬುದು ಸಾರಾಂಶ. ವರದಿ ವಿಧಾನಮಂಡಲಕ್ಕೆ ಹೋಯಿತು, ಅಲ್ಲಿಂದ ಶಾಸಕರ ಒಂದು ಸಮಿತಿಯ ಮುಂದೆ ಬಂತು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಹೇಳಿದ್ದನ್ನು ಮಾಡಿದೆಯೇ ಎಂದು ನೋಡುವುದು ಸಮಿತಿಯ ಕೆಲಸ. ಸಾಮಾನ್ಯವಾಗಿ ಇಂಥ ಸಮಿತಿಗಳು ಪ್ರಶ್ನಾವಳಿ ಕಳಿಸುತ್ತವೆ, ಇಲಾಖೆ ಉತ್ತರ ಕಳಿಸುತ್ತದೆ, ಅಲ್ಲಿಗೆ ಮುಗಿಯಿತು. ಈ ಸಮಿತಿಯ ಅಧ್ಯಕ್ಷೆ ಮಾತ್ರ ನಮೂನೆಗಳ ಮೂಲ ಪ್ರತಿ ತರಿಸಿಕೊಂಡರು. ಆಮೇಲೆ ತಾವೇ ಬರುವುದಾಗಿ ತಿಳಿಸಿದರು.

ನಮ್ಮ ಕಚೇರಿಯಲ್ಲಿ ಹಾಹಾಕಾರವಾಯಿತು. ಹಿಡಕಲ್ಲಿನ ಪ್ರವಾಸಿ ಮಂದಿರಕ್ಕೆ ಹೊಸ ಬೆಡ್‌ಶೀಟು, ಕೊಡಲು ಕರದಂಟಿನ ಡಬ್ಬಿ, ಅದರಲ್ಲಿ ಗೋಡಂಬಿ ಹೆಚ್ಚಿರಬೇಕೋ ಅಂಜೂರ ಹೆಚ್ಚಿರಬೇಕೋ ಎಂಬ ಚರ್ಚೆ. ನಮ್ಮ ಸಾಹೇಬರು, ಎಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಅದಕ್ಕೇ ಒಂದು ಸಭೆ ಕರೆದರು. ಮಕ್ಕಳು ಓದುತ್ತಾರೋ ಇಲ್ಲವೋ ಎಂಬುದಕ್ಕೆ ಸಭೆ ಆಗಲಿಲ್ಲ. ಸಂಸ್ಥೆಯ ಅಧಿಕಾರಿಯೊಬ್ಬರು ಬೆಂಗಳೂರಿನಿಂದ ಬಂದು, ಹುಕ್ಕೇರಿಯ ಒಂದು ಶಾಲೆಯ ಮಕ್ಕಳಿಗೆ ನಾಲ್ಕನೇ ಹಂತದ ಒಂದು ಕತೆಯನ್ನು ವಾರವಿಡೀ ಬಾಯಿಪಾಠ ಮಾಡಿಸಿದರು. ಅಲ್ಲಿನ ಮುಖ್ಯಶಿಕ್ಷಕರಿಗೆ ಬೇರೆ ದಾರಿ ಇರಲಿಲ್ಲ.

ಸಮಿತಿ ಮೊದಲು ಆ ಶಾಲೆಗೇ ಹೋಯಿತು. ಸಾಹೇಬರ ಫೈಲು ಹೊತ್ತು ನಾನೂ ಹಿಂದೆ ಹೋಗಿದ್ದೆ. ಅಧ್ಯಕ್ಷೆ ಅರವತ್ತರ ಸುಮಾರಿನ, ತೆಳ್ಳಗಿನ, ದಕ್ಷಿಣದ ಕಡೆಯ ಹೆಂಗಸು. ಒಬ್ಬ ಹುಡುಗಿ ಚೀಟಿ ಹಿಡಿದು ಗಳಗಳನೆ ಕತೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ಚೀಟಿಯ ಹಿಂಬದಿ ತಿರುಗಿಸಿ ಕೊಟ್ಟು, "ಈಗ ಇದನ್ನು ಓದು ಪುಟ್ಟಿ" ಎಂದರು. ಹುಡುಗಿ ಹಿಂಬದಿಯನ್ನು ನೋಡುತ್ತಾ ಮುಂದಿನ ಬದಿಯ ಕತೆಯನ್ನೇ ಮತ್ತೆ ಹೇಳಿದಳು. ಪಾಪ, ಅವಳ ತಪ್ಪೇನು? ಹೇಳಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಹೇಳಿದ್ದಳು.

ಸಂಸ್ಥೆಯ ಅಧಿಕಾರಿಗೆ ನಾಚಿಕೆ ಆಯಿತೆಂದುಕೊಂಡರೆ ನಿಮ್ಮ ತಪ್ಪು. "ಸಾಮಗ್ರಿ ಚೆನ್ನಾಗಿದೆ ಮೇಡಂ. ಬಳಸೋ ಶಿಕ್ಷಕರದ್ದೇ ಸಮಸ್ಯೆ" ಎಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಅಧ್ಯಕ್ಷೆ ಶಾಲೆಗಳ ಪಟ್ಟಿ ತೆಗೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಮಧ್ಯಾಹ್ನ ಇಲ್ಲಿಗೆ ಹೋಗೋಣ." ಅದು ಕುಲಗೋಡದಾಚೆಯ ತೋಟದ ಶಾಲೆ.

ಕಬ್ಬಿನ ನಡುವಿನ ದಾರಿಯಲ್ಲಿ ಕಾರುಗಳ ಸಾಲು ಹೋದಾಗ ಟೀಚರಿಗೆ ಮುನ್ಸೂಚನೆಯೇ ಇರಲಿಲ್ಲ. ಅವರು ನೆಲದ ಮೇಲೆ ಮಕ್ಕಳ ನಡುವೆ ಕೂತಿದ್ದರು. ಅಧ್ಯಕ್ಷೆ ನಾಲ್ಕನೇ ಹಂತದ ಕಟ್ಟಿನಿಂದ ಕಣ್ಣುಮುಚ್ಚಿ ಒಂದು ಚೀಟಿ ಎಳೆದು, ಕುರಿಗಾರರ ಮನೆಯ ಒಬ್ಬ ಹುಡುಗಿಗೆ ಕೊಟ್ಟರು. ಹುಡುಗಿ ಬೆರಳಿಟ್ಟುಕೊಂಡು, ನಿಧಾನವಾಗಿ, ಒಂದೆರಡು ಕಡೆ ನಿಂತು, ಪೂರ್ತಿ ಓದಿದಳು. ಹಿಂಬದಿಯನ್ನೂ ಓದಿದಳು.

"ಒತ್ತಕ್ಷರ ಎಲ್ಲಿ ಕಲಿತೆ?"

ಹುಡುಗಿ ಮೂಲೆಯಿಂದ ಒಂದು ಬುಟ್ಟಿ ತಂದಳು. ಅದರ ತುಂಬ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆದ ಚೀಟಿಗಳು. ಅಕ್ಕ, ಅಜ್ಜ, ಎತ್ತು, ಕಬ್ಬು, ರೊಟ್ಟಿ, ಬೆಲ್ಲ. ಒಂದು ಬದಿಗೆ ಪದ, ಇನ್ನೊಂದು ಬದಿಗೆ ಯಾರದೋ ಮದುವೆಯ ಮುಹೂರ್ತ. ಟೀಚರ್ ಅವನ್ನು ಊರ ಮನೆಮನೆಯಿಂದ ಬೇಡಿ ತಂದಿದ್ದರು.

ಅಲ್ಲಿಗೆ ಅವರಿಗೆ ಶಹಬ್ಬಾಸ್ ಸಿಗಬೇಕಿತ್ತು. ಆದರೆ ಅಧ್ಯಕ್ಷೆಯ ಕೈಯಲ್ಲಿ ನನ್ನ ಅಕ್ಷರದ ನಮೂನೆ ಇತ್ತು.

"ಮೂರನೇ ಹಂತದ ಚೀಟಿಗಳು ಅತ್ಯಂತ ಉಪಯುಕ್ತ ಅಂತ ಬರೆದಿದ್ದೀರಲ್ಲಮ್ಮ. ಎಲ್ಲಿವೆ ಅವು?"

"ಬಂದಿಲ್ರಿ ಮೇಡಂ."

"ಮತ್ತೆ ಈ ಸಹಿ?"

ಟೀಚರ್ ನಮೂನೆಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

"ಸಹಿ ನಂದ ಐತ್ರಿ" ಎಂದರು ಅವರು.

ಸಂಸ್ಥೆಯ ಅಧಿಕಾರಿ ತಕ್ಷಣ ಬಾಯಿ ಹಾಕಿದರು. ಚೀಟಿಗಳು ಬಂದಿವೆ ಎಂದು ಸಹಿ ಇದೆ, ಈಗ ಇಲ್ಲ ಎನ್ನುತ್ತಿದ್ದಾರೆ, ಎಂದರೆ ಕಳೆದಿದ್ದಾರೆ. ಅದರ ಮೇಲೆ ಮಂಜೂರಾಗದ ಸಾಮಗ್ರಿ ಬಳಸುತ್ತಿದ್ದಾರೆ. ನಮ್ಮ ಸಾಹೇಬರಿಗೆ ಇಷ್ಟು ಸಾಕಾಯಿತು. ಇಡೀ ಮೂರು ತಾಲ್ಲೂಕಿನ ತಪ್ಪನ್ನು ಹೊರಿಸಲು ಒಂದು ತಲೆ ಸಿಕ್ಕಿತ್ತು, ಅದೂ ಪ್ರೊಬೇಷನ್ ಮುಗಿಯದ ತಲೆ. ಮರುದಿನ ಬೆಳಿಗ್ಗೆಯೇ ಕಾರಣ ಕೇಳಿ ನೋಟಿಸು ತಯಾರಾಯಿತು: ಸರ್ಕಾರಿ ಸಾಮಗ್ರಿ ಕಳೆದದ್ದು, ಸಮಿತಿಗೆ ತಪ್ಪು ಮಾಹಿತಿ ಕೊಟ್ಟದ್ದು, ಇವಕ್ಕಾಗಿ ಸೇವೆಯಿಂದ ಏಕೆ ಬಿಡುಗಡೆ ಮಾಡಬಾರದು? ಮುಟ್ಟಿಸುವ ಕೆಲಸ ಸಿಆರ್‌ಪಿಯದು.

ಟೀಚರ್ ಶಾಲೆಯ ಕಟ್ಟೆಯ ಮೇಲೆ ನಿಂತೇ ನೋಟಿಸು ಓದಿದರು.

"ಇದರಾಗ ನಾ ಏನ್ ತಪ್ಪ ಮಾಡೇನ್ರಿ ಸರ್?"

"ತಪ್ಪ ಏನಿಲ್ರಿ. ಪದ್ಧತಿ ಐತಿ. ಒಂದ ಉತ್ತರ ಬರದ ಕೊಡ್ರಿ, ಮುಗೀತೈತಿ."

"ಏನ ಮುಗೀತೈತ್ರಿ? ಪ್ರೊಬೇಷನ್ ಫೈಲಿಗೆ ಈ ಕಾಗದ ಹಚ್ಚಿದ್ರ ನನ್ನ ನೌಕರಿ ಮುಗೀತೈತಿ." ಅವರ ದನಿ ಏರಿತು. "ನಿನ್ನಿ ಅವ್ರ ಕೇಳಿದಾಗ ನಿಮ್ಮ ಮಾರಿ ನೋಡಿದ್ನಿ. ಏನರ ಹೇಳ್ತೀರಿ ಅಂತ ದಾರಿ ಕಾದ್ನಿ. ನೀವು ಕಿಡಕಿ ನೋಡ್ಕೋತ ನಿಂತ್ರಿ. ನಿಮ್ಮ ಅಕ್ಷರ ಅವು ಅಂತ ನಾನ ಹೇಳಬಹುದಿತ್ತು. ಖಾಲಿ ಹಾಳಿಗೆ ಸಹಿ ಮಾಡಿ ಕೊಟ್ಟಾಕಿ ನಾನ, ಅದಕ್ಕ ಸುಮ್ಮನಾದ್ನಿ."

ಅವರ ಕಣ್ಣು ನನ್ನ ಬ್ಯಾಗಿನ ಮೇಲೆ ಬಿತ್ತು.

"ನನ್ನ ಸಹಿ ಮಾಡಿದ ಹಾಳಿ ಇನ್ನ ಎಷ್ಟ ಅದಾವ್ರಿ ನಿಮ್ಮ ಕಡೆ?"

"ಎರಡ ಅದಾವ್ರಿ."

"ಕೊಡ್ರಿ."

ಬ್ಯಾಗಿನಿಂದ ತೆಗೆದು ಕೊಟ್ಟೆ. ನನ್ನೆದುರಿಗೇ ನಾಲ್ಕು ತುಂಡು ಮಾಡಿ, ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ತರಗತಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಹಾಳೆಗಳನ್ನು ಹುಡುಕುವಾಗ ಕೈಗೆ ಅವರ ನಿಜವಾದ ಅಭಿಪ್ರಾಯವೂ ಸಿಕ್ಕಿತ್ತು. ಕುಲಗೋಡದ ಬಸ್ ನಿಲ್ದಾಣದ ಹತ್ತಿರ ಬೈಕ್ ನಿಲ್ಲಿಸಿ, ಚಹಾ ಹೇಳಿ, ಮೊದಲ ಸಲ ಅದನ್ನು ಓದಿದೆ. "ಮೂರನೇ ಹಂತದ ಕಟ್ಟಿನ ಜಾಗದಲ್ಲಿ ಎರಡನೇ ಹಂತದ್ದೇ ಇನ್ನೊಂದು ಕಟ್ಟು ಬಂದಿದೆ. ಒತ್ತಕ್ಷರ ಕಲಿಯದ ಮಗುವಿಗೆ ನಾಲ್ಕನೇ ಹಂತದ ಒಂದು ಸಾಲೂ ಓದಲಾಗುವುದಿಲ್ಲ. ದಯವಿಟ್ಟು ಮೂರನೇ ಹಂತ ಕಳಿಸಿ, ಇಲ್ಲವೇ ನಮ್ಮ ಹಳೆಯ ಚೀಟಿಗಳನ್ನು ವಾಪಸು ಕೊಡಿ." ಚಹಾ ಆರಿತು. ಹತ್ತಿರದ ಒಂದು ಶಾಲೆಗೆ ಹೋಗಿ ಅಲ್ಲಿನ ಪೆಟ್ಟಿಗೆ ತೆಗೆಸಿದೆ. ಎರಡನೇ ಹಂತ ಎರಡು ಸಲ ಇತ್ತು. ಇನ್ನೊಂದು ಶಾಲೆಗೆ ಹೋದೆ. ಅಲ್ಲಿ ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಯನ್ನೇ ಯಾರೂ ಬಿಚ್ಚಿರಲಿಲ್ಲ. ನಾನೇ ಬಿಚ್ಚಿದೆ. ಅದೇ ಕತೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಆ ಪೆಟ್ಟಿಗೆಯನ್ನು ಒದ್ದುಬಿಟ್ಟೆ. ಅಲ್ಲಿದ್ದ ಮಾಸ್ತರರು ಗಾಬರಿಯಾದರು.

ಮರುದಿನ ಗೋಕಾಕದಲ್ಲಿ ಸಮಿತಿಯ ವಿಚಾರಣೆ. ಹೊರಗೆ ವರಾಂಡದಲ್ಲಿ ನಮ್ಮ ಸಾಹೇಬರು ನನ್ನನ್ನು ಬದಿಗೆ ಕರೆದರು. "ನಿನಗ ಯಾರೂ ಏನೂ ಕೇಳೂದಿಲ್ಲ. ಫೈಲ್ ಹಿಡಕೊಂಡ ಹಿಂದ ನಿಲ್ಲ. ಆ ಹೆಣಮಗಳ ಉತ್ತರ ಕೊಡತಾಳ, ನಾವು ಕ್ರಮ ಆತು ಅಂತ ಬರದ ಕಳಸ್ತೀವಿ. ಎಲ್ಲಾರೂ ಪಾರ."

"ಆಕಿ ಪಾರ ಆಗೂದಿಲ್ಲಲ್ರಿ ಸಾಹೇಬ್ರ."

"ನೀ ಆಗತೀಯಲ್ಲ."

ಹೌದು, ಆಗುತ್ತಿದ್ದೆ. ಸಿಆರ್‌ಪಿ ಅವಧಿಯಲ್ಲಿ ಉಳಿದ ಎರಡು ವರ್ಷವೂ ಬೈಕಿನ ಮೇಲೆ ಮಾಹಿತಿ ಹೊತ್ತುಕೊಂಡು ತಿರುಗಬಹುದಿತ್ತು.

ಒಳಗೆ ಸಂಸ್ಥೆಯ ಅಧಿಕಾರಿ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಅಧ್ಯಕ್ಷೆ ಕೇಳಿಸಿಕೊಂಡು, ನಮೂನೆಗಳ ಕಟ್ಟು ಬಿಚ್ಚಿ, ಒಂದರ ಮೇಲೊಂದು ಓದತೊಡಗಿದರು. ಸಂತಸದಿಂದ ಕಲಿಯುತ್ತಿದ್ದು. ಸಂತಸದಿಂದ ಕಲಿಯುತ್ತಿದ್ದು. ಐದಾರು ಓದಿದ ಮೇಲೆ ತಲೆಯೆತ್ತಿದರು. "ಇಷ್ಟೂ ಶಿಕ್ಷಕರು ಒಂದೇ ಮಾತು ಹೇಗೆ ಬರೆದರು?" ಸಾಹೇಬರು ಕೆಮ್ಮಿದರು.

ನಾನು ಫೈಲನ್ನು ನೆಲಕ್ಕಿಟ್ಟು ಮುಂದೆ ಹೋದೆ.

"ಅದನ್ನ ಬರದಾಂವ ನಾನ್ರಿ ಮೇಡಂ. ನಮ್ಮ ಕ್ಲಸ್ಟರಿನ ಎಲ್ಲಾ ನಮೂನಿಗೂ ಮಾದರಿ ನಂದು. ತೋಟದ ಸಾಲಿ ಟೀಚರ್ ಹೆಸರಿನ್ಯಾಗ ಇರೂದನ್ನ ಅವ್ರು ಬರದಿಲ್ರಿ. ಅವ್ರ ಖಾಲಿ ಸಹಿ ಮ್ಯಾಲ ನಾನ ಬರದೇನಿ. ಅವ್ರ ಖರೆ ಬರದದ್ದು ಇದ ಐತ್ರಿ."

ಪಕ್ಕದಲ್ಲಿ ಕುಳಿತು ಮಾತು ಬರೆದುಕೊಳ್ಳುತ್ತಿದ್ದ ಸಚಿವಾಲಯದವರು ಪೆನ್ನು ನಿಲ್ಲಿಸಿದರು. ಅಧ್ಯಕ್ಷೆ ಅವರಿಗೆ "ಬರೆದುಕೊಳ್ಳಿ, ಇದು ದಾಖಲಾಗಬೇಕು" ಎಂದು ಹೇಳಿ, ಟೀಚರ್ ಹಾಳೆಗಳನ್ನು ಓದಿದರು. ಎರಡು ಸಲ ಓದಿದರು.

"ನೀವು ಪೆಟ್ಟಿಗೆ ತೆರೆದು ನೋಡಿರಲಿಲ್ಲವಾ?"

"ಇಲ್ರಿ."

"ಹಾಗಾದರೆ ಉಪಯುಕ್ತ ಅಂತ ಹೇಗೆ ಬರೆದಿರಿ?"

"ಉಪಯುಕ್ತ ಅಂತ ಬರೀಬೇಕ ಅನ್ನೂದ ಗೊತ್ತಿತ್ರಿ."

ಅವರು ನನ್ನನ್ನು ನೋಡಿದ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. ಇರಬಾರದಿತ್ತು ಕೂಡ. ಆಮೇಲೆ ಸಂಸ್ಥೆಯ ಅಧಿಕಾರಿಯ ಕಡೆ ತಿರುಗಿ ಕೈ ಚಾಚಿದರು. "ಮೂರನೇ ಹಂತದ ಒಂದು ಚೀಟಿ ಕೊಡಿ. ಒಂದೇ ಒಂದು."

ಅಧಿಕಾರಿ ಲ್ಯಾಪ್‌ಟಾಪಿನಲ್ಲಿ ಹುಡುಕಿದರು. ಕಾಗದದ ಮೇಲೆ ಬೇಕು ಎಂದರು ಅಧ್ಯಕ್ಷೆ. ಆಗ ನಿಜ ಹೊರಬಿತ್ತು. ಮೂರನೇ ಹಂತ ತಜ್ಞರ ಒಪ್ಪಿಗೆಗೆ ಹೋದದ್ದು ಬಂದೇ ಇರಲಿಲ್ಲ, ಅಚ್ಚಾಗಿಯೇ ಇರಲಿಲ್ಲ. ಪೆಟ್ಟಿಗೆ ಖಾಲಿ ಕಾಣಬಾರದೆಂದು ಎರಡನೇ ಹಂತವನ್ನು ಎರಡು ಸಲ ಇಟ್ಟಿದ್ದರು.

"ಆದರೆ ಶಿಕ್ಷಕರೇ ಚೆನ್ನಾಗಿದೆ ಅಂತ ಬರೆದಿದ್ದರಲ್ಲ ಮೇಡಂ, ನಾವು ಅದನ್ನು ನಂಬಿದೆವು" ಎಂದರು ಅಧಿಕಾರಿ. ಕೂತವರಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ತಾವು ಕಳಿಸದ ವಸ್ತುವಿಗೆ ಬಂದ ಹೊಗಳಿಕೆಯನ್ನು ನಂಬಿದೆವು ಎನ್ನಲು ಎಂಥ ದಪ್ಪ ಚರ್ಮ ಬೇಕು! ಅಷ್ಟೇ ದಪ್ಪ ಚರ್ಮ ಆ ಹೊಗಳಿಕೆ ಬರೆದವನಿಗೂ ಇತ್ತೆಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಸಮಿತಿ ಕರದಂಟು ಮುಟ್ಟದೆ ಹೋಯಿತು. ಸ್ವಲ್ಪ ದಿನಕ್ಕೆ ಅದರ ವರದಿ ಬಂತು. ಮೂರನೇ ಹಂತ ತಲುಪುವವರೆಗೆ ಪೆಟ್ಟಿಗೆಯನ್ನು ಬೇರೆಲ್ಲೂ ಕೊಡಬಾರದು, ಹಳೆಯ ಚೀಟಿಗಳನ್ನು ಶಾಲೆಗಳಿಗೆ ಹಿಂದಿರುಗಿಸಬೇಕು ಎಂದಿತ್ತು. ಸಂಸ್ಥೆಯ ಅಧಿಕಾರಿಗೆ ಏನಾಯಿತೆಂದು ನನಗೆ ತಿಳಿಯದು. ನನಗೆ ಛೀಮಾರಿ, ಸಿಆರ್‌ಪಿ ಕೆಲಸದಿಂದ ಬಿಡುಗಡೆ. ಅದರಲ್ಲಿ ತಕರಾರು ಮಾಡುವಂಥದ್ದೇನೂ ಇರಲಿಲ್ಲ.

ಬಿಡುಗಡೆಯ ಮುಂಚಿನ ದಿನ ಸಾಹೇಬರು ಕೊನೆಯ ಲಕೋಟೆಯೊಂದನ್ನು ನನ್ನ ಕೈಗಿತ್ತರು. ಟೀಚರ್ ಮೇಲಿನ ನೋಟಿಸನ್ನು ಕೈಬಿಡಲಾಗಿದೆ ಎಂದುಕೊಂಡು ಖುಷಿಯಿಂದಲೇ ತೋಟದ ಶಾಲೆಗೆ ಹೋದೆ. ಅವರು ಬಿಚ್ಚಿ ಓದಿ, ನನಗೆ ತೋರಿಸಿದರು. "ಎಚ್ಚರಿಕೆ ನೀಡಿ ಕೈಬಿಡಲಾಗಿದೆ" ಎಂದಿತ್ತು. ಪ್ರೊಬೇಷನ್ ಫೈಲಿನಲ್ಲಿ ಆ ಎಚ್ಚರಿಕೆ ಉಳಿಯುತ್ತದೆ. ಕಚೇರಿ ತಾನು ಸೋತದ್ದನ್ನು ಒಪ್ಪದಿರಲು ಹುಡುಕಿದ ಒಂದು ಪದ.

"ಏನಂತ ಎಚ್ಚರಿಕಿ ಕೊಡಾಕತ್ತಾರ್ರಿ ನನಗ? ಇನ್ನ ಮುಂದ ಖರೆ ಬರೀಬ್ಯಾಡ ಅಂತೇನ್ರಿ?"

"ತಗೊಂಡಬಿಡ್ರಿ ಟೀಚರ್. ನೌಕರಿ ಉಳೀತಲ್ಲ."

"ನಾ ಇದನ್ನ ತಗೊಳ್ಳೂದಿಲ್ರಿ. ತಪ್ಪ ಇದ್ರ ನೌಕರಿಂದ ತಗೀಲಿ. ಇಲ್ಲಂದ್ರ ಇಲ್ಲ ಅಂತ ಬರದ ಕಳಸ್ಲಿ."

ಪತ್ರವನ್ನು ಮಡಚಿ ಲಕೋಟೆಗೆ ಹಾಕಿ ನನ್ನ ಕೈಗೆ ವಾಪಸು ಕೊಟ್ಟರು. ತಿಂಗಳ ಪಗಾರದ ಮೇಲೆ ನಿಂತ ಮನೆ ಅವರದು, ಅದು ನನಗೆ ಗೊತ್ತಿತ್ತು. ಆದರೂ ಅವರು ಲಕೋಟೆಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಪತ್ರ ನಿರಾಕರಿಸಿದರೆ ಮುಟ್ಟಿಸುವವನು ಲಕೋಟೆಯ ಮೇಲೆ ಷರಾ ಬರೆಯಬೇಕು. ಬೈಕಿನ ಸೀಟಿನ ಮೇಲಿಟ್ಟು ಬರೆದೆ: "ಶಿಕ್ಷಕಿ ಈ ಪತ್ರ ಸ್ವೀಕರಿಸಲು ನಿರಾಕರಿಸಿದ್ದಾರೆ. ಅವರ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ. ತಪ್ಪು ನನ್ನದು ಮತ್ತು ಕಚೇರಿಯದು. ನಿರಾಕರಣೆ ಸರಿಯಾಗಿದೆ." ಕೆಳಗೆ ಪೂರ್ತಿ ಹೆಸರು, ಹುದ್ದೆ ಬರೆದು ಸಹಿ ಮಾಡಿ, ಕಚೇರಿಗೆ ಬಂದ ಕಾಗದಗಳನ್ನು ದಾಖಲಿಸುವ ಆವಕ ವಹಿಯಲ್ಲಿ ನಂಬರ್ ಹಚ್ಚಿಸಿ, ಒಂದು ಪ್ರತಿಯನ್ನು ಸಮಿತಿಗೆ ಅಂಚೆಯಲ್ಲಿ ಕಳಿಸಿದೆ. ಸಾಹೇಬರು ಅಂದು ಅಂದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ.

ಎಚ್ಚರಿಕೆಯ ಮಾತಿಲ್ಲದೆ ಟೀಚರಿಗೆ ಪ್ರೊಬೇಷನ್ ಮುಗಿದ ಆದೇಶ ಬಂದದ್ದು ನನಗೆ ಬೇರೆಯವರಿಂದ ತಿಳಿಯಿತು. ಅವರು ನನಗೆ ಫೋನ್ ಮಾಡಲಿಲ್ಲ, ನಾನೂ ಮಾಡಿಲ್ಲ. ನಾನೀಗ ಹುಕ್ಕೇರಿ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ಪಾಠ ಹೇಳುತ್ತೇನೆ. ಈ ಮಕ್ಕಳು ಮೂರನೇ ಹಂತವಿಲ್ಲದ ಆ ಪೆಟ್ಟಿಗೆಯಿಂದ ಓದು ಕಲಿತು ಬಂದವರು. ಒಬ್ಬ ಹುಡುಗಿ ಪುಸ್ತಕ ಹಿಡಿದು ಚೆನ್ನಾಗಿಯೇ ಶುರು ಮಾಡುತ್ತಾಳೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ತಪ್ಪು ತನ್ನದೇ ಎಂದುಕೊಂಡು ತಲೆ ತಗ್ಗಿಸುತ್ತಾಳೆ. ಹಾಗಲ್ಲವೆಂದು ನಾನು ಅವಳಿಗೆ ದಿನಾ ಹೇಳುತ್ತೇನೆ. ಅವಳು ಇನ್ನೂ ನಂಬಿಲ್ಲ.